ಹೊಲದಲ್ಲಿ ಸಿಕ್ಕ ಕೈ

ಸ್ನೇಹಿತರೇ, ಇವತ್ತು ಜಗಳೂರಿನ ಹತ್ತಿರ ನಮ್ಮ ಹೊಲದಲ್ಲಿ ಪೈಪ್ ಹಾಕಲು ಅಗೆಯುವಾಗ ಒಂದು ಕೈ ಸಿಕ್ಕಿತು. ಐದು ಬೆರಳುಗಳ ಮೂಳೆ, ಏನೋ ಬೇಡುವಂತೆ ಮೇಲಕ್ಕೆ ತಿರುಗಿದ ಅಂಗೈ. ಆಳುಗಳು ಗುದ್ದಲಿ ಬಿಟ್ಟು ಓಡಿದರು.

ನಾನು ವಿಜ್ಞಾನದ ಮೇಷ್ಟ್ರು. ಮಣ್ಣು ಒರೆಸಿದೆ. ಬೆರಳ ತುದಿಯ ಮೂಳೆಗಳು ಕೊಕ್ಕೆಯಂತೆ ಬಾಗಿದ್ದವು.

“ಮನುಷ್ಯಂದಲ್ಲ, ಕರಡೀದು” ಎಂದೆ.

“ಮತ್ತೆ ನಮ್ಮ ಕೈ ಇದ್ದಂಗೇ ಐತಲ್ರಿ?” ನನ್ನ ಅತ್ತೆ ದೂರದಿಂದಲೇ ಕೇಳಿದರು.

“ಮೂಲ ಒಂದೇ ಅತ್ತೆ. ಕರಡಿ ನಮಗೆ ದೂರದ ಸಂಬಂಧಿ.”

ತೋರಿಸಲೆಂದು ನನ್ನ ಕೈಯನ್ನು ಅದರ ಮೇಲಿಟ್ಟೆ. ಬೆರಳಿಗೆ ಬೆರಳು ಕೂತಿತು. ಯಾರೋ ಕೈ ಹಿಡಿದಂತಾಯಿತು.

ಮನೆಗೆ ಬಂದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. “ಸಂಬಂಧಿ ಅಂತ ನೀವೇ ಅಂದ್ರಿ. ಸೂತಕ ಐತೆ, ತಲೆಗೆ ನೀರು ಹಾಕ್ಕೊಂಡು ಒಳಗೆ ಬರ್ರಿ.”

ಇಷ್ಟು ವರ್ಷ ಈ ಪಾಠ ಮಾಡಿದ್ದೇನೆ. ನಂಬಿದವರು ಅತ್ತೆ ಒಬ್ಬರೇ.