ಗುರುಸ್ವಾಮಿ ನನಗಾಗಿ ಕೇಳಿದ ಮಾತ್ರೆ

ಮೊನ್ನೆ ಕುಕ್ಕರಿನ ಗ್ಯಾಸ್ಕೆಟ್ ತರಲು ಚೆನ್ನೈನ ಪುರಸೈವಾಕ್ಕಂ ಪೇಟೆಗೆ ಹೋಗಿದ್ದೆ. ಪಕ್ಕದ ಜವಳಿ ಅಂಗಡಿಯವರು ಕಪ್ಪು ಪಂಚೆಗಳ ಕಟ್ಟು ಬಿಚ್ಚಿ ಬಾಗಿಲಿಗೆ ನೇತುಹಾಕುತ್ತಿದ್ದರು. ಕಾರ್ತೀಕ ಹತ್ತಿರ ಬಂತು ಅಂತ ಅರ್ಥ. ಹೊಸ ಬಟ್ಟೆಯ ಗಂಜಿ, ಕಪ್ಪು ಬಣ್ಣದ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಅಲ್ಲೇ ಅಂಗಡಿಯ ಮುಂದೆ ನಿಂತುಬಿಟ್ಟೆ. ಹಳೆಯ ಸ್ಕೂಟರೊಂದರ ಹಿಂದೆ ಕೂತು ಅದೇ ರಸ್ತೆಯಲ್ಲಿ ನುಗ್ಗುತ್ತಿದ್ದೇನೆ, ಮುಂದೆ ಕೂತವರ ಪಂಚೆ ಗಾಳಿಗೆ ಹಾರಿ ನನ್ನ ಮೊಣಕಾಲಿಗೆ ಬಡಿಯುತ್ತಿದೆ ಅನ್ನಿಸಿತು...

ಅವರನ್ನು ನಾವೆಲ್ಲ ಗುರುಸ್ವಾಮಿ ಅಂತಲೇ ಕರೆಯುತ್ತಿದ್ದೆವು. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ನನಗಿಂತ ಹಿರಿಯ ಫಿಟ್ಟರ್. ತಾತನ ಕಾಲದಿಂದ ಅಲ್ಲೇ ನೆಲೆಸಿದ ಕನ್ನಡದವರು, ಅವರ ಕನ್ನಡದ ತುಂಬ ತಮಿಳು. ಪ್ರತಿ ಕಾರ್ತೀಕದಲ್ಲಿ ನಮ್ಮ ಕ್ವಾರ್ಟರ್ಸಿನ ಗಂಡಸರಿಗೆ ಅಯ್ಯಪ್ಪನ ಮಾಲೆ ಹಾಕಿ, ವ್ರತ ಹಿಡಿಸಿ, ಶಬರಿಮಲೆಗೆ ಕರೆದುಕೊಂಡು ಹೋಗುತ್ತಿದ್ದವರು ಅವರೇ. ಅವರದೊಂದು ಪದ್ಧತಿ ಇತ್ತು. ಮಾಲೆ ಹಾಕುವ ಮೊದಲು ಒಬ್ಬೊಬ್ಬರನ್ನೇ ಹಿತ್ತಲಿನ ನೀರಿನ ತೊಟ್ಟಿ ಹತ್ತಿರ ಕರೆದು, ಒಳಗೆ ಏನಾದರೂ ಇದ್ದರೆ ಇಲ್ಲೇ ಇಳಿಸಿ ಬಾ ಅನ್ನುವರು. ಬೀಡಿ ಬಿಟ್ಟಿಲ್ಲ, ತಮ್ಮನ ಜೊತೆ ಮಾತು ಬಿಟ್ಟಿದ್ದೇನೆ ಅಂತ ಜನ ಏನೋ ಒಂದು ಹೇಳಿ ಮುಗಿಸುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ಕಾರ್ತೀಕದ ಮೊದಲ ದಿನಕ್ಕೆ ಸರಿಯಾಗಿ ನಾನು ಹೊರ ಊರಿನ ಒಂದು ಮದುವೆಯಿಂದ ವಾಪಸು ಬಂದಿದ್ದೆ. ಅಲ್ಲಿ ಕುಡಿದೆ. ಲಾಡ್ಜಿಗೆ ಬಂದ ಹೆಂಗಸಿನ ಜೊತೆ ಮಲಗಿದೆ. ಕಾಂಡೋಮ್ ಇರಲಿಲ್ಲ, ಬೇಕು ಅಂತಲೂ ತೋಚಲಿಲ್ಲ. ಆಕೆಯ ಮುಖ ಕೂಡ ನನಗೆ ನೆನಪಿಲ್ಲ, ನೋಡಿ ನನ್ನ ಯೋಗ್ಯತೆ. ಚೆನ್ನೈನ ಗೋಡೆಗೋಡೆಯ ಮೇಲೂ ಏಡ್ಸ್ ಅಂತ ಬರೆಸುತ್ತಿದ್ದ ಕಾಲ ಅದು. ವಾಪಸು ಬರುವ ರೈಲಿನಲ್ಲಿ ಹಾಗೆ ಬರೆದ ಒಂದು ಗೋಡೆ ಕಿಟಕಿಯಾಚೆ ಹಾದುಹೋಯಿತು, ನನ್ನ ನಶೆ ಇಳಿದದ್ದು ಅಲ್ಲೇ.

ಇನ್ನು ಮನೆಗೆ ಹೋದರೆ ಹೆಂಡತಿ. ಅವಳಿಂದ ದೂರ ಮಲಗಬೇಕು, ಯಾಕೆ ಅಂತ ಅವಳು ಕೇಳಬಾರದು. ಮಾಲೆ ಹಾಕಿಕೊಂಡರೆ ಬ್ರಹ್ಮಚರ್ಯ ವ್ರತ, ಬೇರೆ ಚಾಪೆ, ಯಾರೂ ತುಟಿಪಿಟಕ್ ಅನ್ನುವುದಿಲ್ಲ! ಎಂಥ ಬುದ್ಧಿವಂತ ಅಂತ ನನಗೆ ನಾನೇ ಶಭಾಷ್ ಹೇಳಿಕೊಂಡು, ಸ್ಟೇಷನ್ನಿನಿಂದ ಮನೆಗೂ ಹೋಗದೆ ನೇರ ಗುರುಸ್ವಾಮಿಯ ಮನೆಗೆ ಹೋದೆ. ತೊಟ್ಟಿಯಲ್ಲಿ ತಲೆಗೆ ನೀರು ಹುಯ್ದುಕೊಂಡು ನಿಂತೆ. ಆದರೆ ಅವರು ಹತ್ತಿರ ಬಂದು ಮುಖ ನೋಡಿದಾಗ ಬೀಡಿ ಗೀಡಿ ಅನ್ನಲು ಆಗಲಿಲ್ಲ. ಎಲ್ಲ ಹೇಳಿಬಿಟ್ಟೆ.

ಅವರು ಮಾಲೆಯನ್ನು ತಟ್ಟೆಗೆ ವಾಪಸು ಹಾಕಿದರು.

"ಮನೆಯವಳ ಹತ್ರ ಹೋದ್ಯಾ?"

ಇಲ್ಲ ಅಂದೆ.

"ಅಷ್ಟಾದರೂ ಬುದ್ಧಿ ಇತ್ತಲ್ಲ ಪಾ. ನನಗೆ ಈ ಕಾಯಿಲೆ ವಿಷಯ ಒಂದೂ ತೆರಿಯಾದು, ಗೊತ್ತಿರೋರ ಹತ್ರ ಹೋಗೋಣ. ಸ್ಕೂಟರ್ ಹತ್ತು."

ತಮ್ಮ ಮಗಳಿಗೆ ಹೆರಿಗೆ ಮಾಡಿಸಿದ ಡಾಕ್ಟರಮ್ಮನ ಬಳಿಗೆ ಕರೆದೊಯ್ದರು. ಆಕೆ ಬೈಯಲಿಲ್ಲ. ರೋಗಿಗೆ ಚುಚ್ಚಿದ ಸೂಜಿ ಅಕಸ್ಮಾತ್ ನರ್ಸುಗಳಿಗೆ ಚುಚ್ಚಿಕೊಂಡರೆ ಕೊಡುವ ಮಾತ್ರೆ ಇದೆ, ಅದನ್ನೇ ಇದಕ್ಕೂ ಕೊಡಬಹುದು ಅಂದರು. ಮೂರು ದಿನದೊಳಗೆ ಶುರುಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆಮೇಲೆ ನಾಲ್ಕು ವಾರ ಒಂದು ಹೊತ್ತೂ ತಪ್ಪಿಸಬಾರದು. ಖಂಡಿತ ತಡೆಯುತ್ತೆ ಅಂತ ಮಾತು ಕೊಡಲಾರೆ, ಆದರೆ ಅಪಾಯ ಬಹಳ ಕಡಿಮೆಯಾಗುತ್ತೆ ಅಂದರು. ಆವತ್ತೇ ರಕ್ತ ತೆಗೆದುಕೊಂಡರು. ಕೆಲವು ತಿಂಗಳಾದ ಮೇಲೆ ಕೊನೆಯ ಪರೀಕ್ಷೆ, ಅದು ಆಗುವವರೆಗೆ ಕಾಂಡೋಮ್ ಇಲ್ಲದೆ ಹೆಂಡತಿಯ ಹತ್ತಿರ ಹೋಗಕೂಡದು ಅಂತ ಎರಡೆರಡು ಸಲ ಹೇಳಿದರು.

ಔಷಧ ಇದೆ! ಆ ಮಾತು ಕೇಳಿ ನನ್ನ ಮೈಯಲ್ಲಿ ಕರೆಂಟ್ ಹರಿದ ಹಾಗಾಯಿತು. ಹೊರಗೆ ಬಂದದ್ದೇ ಗುರುಸ್ವಾಮಿ ಬರಿಗಾಲಲ್ಲಿ ಕಿಕ್ ಹೊಡೆದರು. ಪೆರಂಬೂರಿನ ಮೆಡಿಕಲ್ ಶಾಪುಗಳಲ್ಲಿ ಇಲ್ಲ. ಪುರಸೈವಾಕ್ಕಂನಲ್ಲಿ ತರಿಸಿಕೊಡುತ್ತೇವೆ, ಎರಡು ದಿನ ಬಿಟ್ಟು ಬನ್ನಿ ಅಂದರು. ಎರಡು ದಿನ ಎಲ್ಲಿಂದ ತರೋದು? ಹೊರಟಿತು ಸ್ಕೂಟರ್ ಟಿ. ನಗರಕ್ಕೆ. ಹಾರ್ನ್ ಕೆಟ್ಟಿತ್ತು. ಗುರುಸ್ವಾಮಿ "ಸ್ವಾಮಿಯೇ" ಅಂತ ಗಟ್ಟಿಯಾಗಿ ಕೂಗುವರು, ಸೀರೆ ಅಂಗಡಿಗಳ ಮುಂದಿನ ಜನಸಾಗರ "ಶರಣಂ ಅಯ್ಯಪ್ಪ" ಅನ್ನುತ್ತ ಎರಡು ಭಾಗವಾಗಿ ದಾರಿ ಬಿಡುವುದು. ಸಿಗ್ನಲ್ಲಿನ ಪೊಲೀಸಿನವನೂ ಕೈಮುಗಿದ. ಸಾವಿನ ಭಯದಲ್ಲಿದ್ದ ನನಗೆ ನಗು ಬರುತ್ತಿತ್ತು. ಅಂಥ ಸವಾರಿ ನಾನು ಜನ್ಮದಲ್ಲಿ ಮಾಡಿಲ್ಲ...

ಕೊನೆಗೊಂದು ದೊಡ್ಡ ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು. ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ. ಚೀಟಿ ನೋಡಿದ ಅಂಗಡಿಯವನು ಗುರುಸ್ವಾಮಿಯ ಗಡ್ಡ, ವಿಭೂತಿ, ಕತ್ತಿನ ಮಾಲೆಗಳನ್ನು ಮೇಲಿಂದ ಕೆಳಗೆ ನೋಡಿ, ಯಾರಿಗೆ ಸಾಮಿ ಇದು, ಏಡ್ಸ್ ಮಾತ್ರೆಯಲ್ಲವಾ ಅಂತ ತಮಿಳಿನಲ್ಲಿ ಕೇಳಿದ. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಅವರಲ್ಲಿ ನಮ್ಮದೇ ಭಜನೆ ಗುಂಪಿನ ಬ್ಯಾಂಕ್ ಗುಮಾಸ್ತರೂ ಇದ್ದರು.

"ಎನಕ್ಕುತಾನ್" ಅಂದರು ಗುರುಸ್ವಾಮಿ. ನನಗೇ, ಅಂತ.

ಹೊರಗೆ ಬಂದು ಎಳನೀರು ಕೊಡಿಸಿ, ಮೊದಲ ಮಾತ್ರೆಗಳನ್ನು ನನ್ನ ಅಂಗೈಗೆ ಹಾಕಿದರು. ಯಾಕೆ ಹಾಗಂದಿರಿ ಅಂತ ಕೇಳಿದೆ.

"ನನ್ನ ಹೆಂಡ್ತಿಗೆ ನಾನು ಯಾರು ಅಂತ ಗೊತ್ತು, ಬಿಡು. ನುಂಗು ಮೊದಲು."

ಸಂಜೆ ಮಾಲೆಯನ್ನೂ ಹಾಕಿದರು. ಸುಳ್ಳು ವ್ರತಕ್ಕೆ ಅಂತ ಬಂದೆ ನೀನು, ಈಗ ನಿಜವಾಗಿ ಮಾಡು ಅಂದರು. ಮಾಡಿದೆ. ಮಾತ್ರೆಗೆ ಹೊಟ್ಟೆ ತೊಳಸುತ್ತಿತ್ತು, ವಾಂತಿ ಆಗುತ್ತಿತ್ತು. ಒಪ್ಪೊತ್ತು ಊಟ ನಿಮಗೆ ಆಗಿಬರಲ್ಲ ಅಂತ ಹೆಂಡತಿ ಗೊಣಗುತ್ತಿದ್ದಳು. ಜ್ಯೋತಿ ನೋಡಿ ಬಂದ ಮೇಲೂ ಇನ್ನೊಂದು ಹರಕೆ ಇದೆ ಅಂತ ದೂರವೇ ಉಳಿದೆ. ಕೊನೆಯ ಪರೀಕ್ಷೆಯಲ್ಲಿ ಏನೂ ಇಲ್ಲ ಅಂತ ಡಾಕ್ಟರಮ್ಮ ಹೇಳಿದಾಗ ಬಸ್ಸಿಗೂ ಕಾಯದೆ ವರ್ಕ್‌ಶಾಪಿನವರೆಗೆ ಓಡಿದೆ. ಗುರುಸ್ವಾಮಿ ಬೋಗಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಬಗ್ಗಿ ಹೇಳಿದೆ. ಗ್ರೀಸ್ ಮೆತ್ತಿದ ಕೈಯಿಂದಲೇ ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು...

ಮುಂದಿನ ಕಾರ್ತೀಕದ ಹೊತ್ತಿಗೆ ಗುಮಾಸ್ತರ ಮಾತು ಕ್ವಾರ್ಟರ್ಸ್ ಪೂರ್ತಿ ಹರಡಿತ್ತು. ಗುರುಸ್ವಾಮಿಗೆ ಆ ಕಾಯಿಲೆಯಂತೆ. ಅವರ ಕೈಯಿಂದ ಮಾಲೆ ಹಾಕಿಸಿಕೊಳ್ಳಲು ನಾಲ್ಕೈದು ಜನ ಮಾತ್ರ ಬಂದರಂತೆ. ನನ್ನ ಹೆಂಡತಿಯೂ ಬೇಡ ಅಂದಳು. ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ನನ್ನ ಸಂಸಾರ ಹೋಗುತ್ತೆ ಅಂತ ಭಯ. ಅಯನಾವರಂನ ಇನ್ನೊಬ್ಬ ಗುರುಸ್ವಾಮಿಯ ಹತ್ತಿರ ಹೋಗಿ ಮಾಲೆ ಹಾಕಿಸಿಕೊಂಡು ಬಂದೆ. ಮಾರ್ಕೆಟ್ಟಿನಲ್ಲಿ ಅವರು ಎದುರು ಸಿಕ್ಕರು. ಬೇರೆಯವರು ಹಾಕಿದ ಆ ಮಾಲೆಯನ್ನು ನೋಡಿಯೂ, ಎಂದಿನ ಹಾಗೆಯೇ "ಸ್ವಾಮಿ ಶರಣಂ" ಅಂತ ಕೈಮುಗಿದರು.

ಅವರು ರಿಟೈರಾಗಿ ಮಗಳ ಊರಿಗೆ ಹೋದರು. ಅಲ್ಲೇ ತೀರಿಕೊಂಡರು ಅಂತ ವರ್ಷಗಳ ಮೇಲೆ ತಿಳಿಯಿತು. ಹೃದಯಾಘಾತವಂತೆ.

ಮೊನ್ನೆ ಮನೆಗೆ ಬಂದವನೇ ಹೆಂಡತಿಯನ್ನು ಕೂರಿಸಿ ಎಲ್ಲ ಹೇಳಿದೆ. ಲಾಡ್ಜು, ಮಾತ್ರೆ, ಅಂಗಡಿಯಲ್ಲಿ ಅವರು ಆಡಿದ ಮಾತು. ಅವಳು ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನ ಅಂಚು ಮಡಚುತ್ತ ಬೇರೆಯೇ ಮಾತು ತೆಗೆದಳು.

"ಊರು ಬಿಡೋ ಮುಂಚೆ ಅವರು ಹೇಳಿ ಹೋಗಕ್ಕೆ ಅಂತ ಬಂದಿದ್ರು ರೀ. ನೀವು ಡ್ಯೂಟೀಲಿದ್ರಿ. ನೀರು ಕೇಳಿದ್ರು. ನಾನು ಬಾಗಿಲಲ್ಲೇ ನಿಲ್ಲಿಸಿ ಪ್ಲಾಸ್ಟಿಕ್ ಲೋಟದಲ್ಲಿ ಕೊಟ್ಟೆ. ಕುಡಿದು, ಲೋಟ ನಾನೇ ಬಿಸಾಕ್ತೀನಿ ಕಣಮ್ಮ ಅಂತ ಕೈಯಲ್ಲೇ ಹಿಡ್ಕೊಂಡು ಹೋದ್ರು."

ಅವರು ಬಂದಿದ್ದರು ಅಂತ ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಇನ್ನು ಕ್ಷಮೆ ಕೇಳೋಣ ಅಂದರೆ ಅವರಿಲ್ಲ. ಲಾಡ್ಜಿನ ವಿಷಯ ಅವಳು ಇದುವರೆಗೂ ಎತ್ತಿಲ್ಲ. ನಿನ್ನೆ ರಾತ್ರಿ ಮಾತ್ರ ಅವರ ಮಗಳ ಊರು ಯಾವುದು ಅಂತ ಕೇಳಿದಳು.