ಗೆರೆಯ ಮುಂದಿನ ಇಪ್ಪತ್ನಾಲ್ಕು

ಕಂಪ್ಯೂಟರುಗಳಿಗೆ ನೆಟ್‌ವರ್ಕ್ ಜೋಡಿಸುವುದು ನನ್ನ ಹೊಟ್ಟೆಪಾಡು. ಮನೆ ಹುಕ್ಕೇರಿಯಲ್ಲಿ, ಕೆಲಸ ಬಸ್ಸು ಹೋದಲ್ಲೆಲ್ಲ. ಈ ಕಸುಬಿನಲ್ಲಿ ನನಗೆ ಸಿಟ್ಟು ತರಿಸುವ ಸಂಗತಿಗಳು ಬಹಳ, ನಿದ್ದೆ ಕೆಡಿಸಿದ್ದು ಮಾತ್ರ ಒಂದೇ: ಸಬ್‌ನೆಟ್ ಮಾಸ್ಕ್. ನಿನ್ನ ಓಣಿ ಎಲ್ಲಿಯ ತನಕ ಎಂದು ಯಂತ್ರಕ್ಕೆ ತಿಳಿಸುವ ಸಂಖ್ಯೆ ಅದು. ಓಣಿಯಾಚೆ ಇದ್ದವರು ಅದಕ್ಕೆ ಕಾಣುವುದಿಲ್ಲ.

ಮೊದಲಿನ ತಂತ್ರಾಂಶ ಅದನ್ನು 255.255.255.0 ಎಂದು ಉದ್ದಕ್ಕೆ ತೋರಿಸುತ್ತಿತ್ತು. ಅರ್ಥವಾಗದಿದ್ದರೂ ಇದನ್ನು ಮುಟ್ಟಬಾರದು ಎಂದು ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಹೊಸದು ಬಂತು. ಯಂತ್ರದ ವಿಳಾಸದ ಮುಂದೆ ಒಂದು ಓರೆಗೆರೆ, ಗೆರೆಯ ಮುಂದೆ 24, ಅದೇ ಉದ್ದ ಸಂಖ್ಯೆಯ ಗಿಡ್ಡ ರೂಪ. ಹಾಗೆಂದರೇನು ಎಂದು ಎಲ್ಲೂ ಬರೆದಿರಲಿಲ್ಲ.

ಮೂಡಲಗಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ತುಕ್ಕಾನಟ್ಟಿಯ ಒಬ್ಬ ಹೆಣ್ಣುಮಗಳು. ನನ್ನ ಕೆಲಸ ನೋಡಿ ನೋಡಿಯೇ ಕಲಿತವಳು. ಒಮ್ಮೆ ನರ್ಸುಗಳ ಮೇಜಿನ ಕಂಪ್ಯೂಟರ್ ಕೆಟ್ಟಿತು. ಹಾಸಿಗೆ ಪಕ್ಕದ ಮಾನಿಟರುಗಳು ಅಳೆಯುವ ನಾಡಿಬಡಿತವೆಲ್ಲ ಬಂದು ಕಾಣಿಸುವುದು ಅದರಲ್ಲೇ. ನನ್ನ ದಾರಿ ಕಾಯದೆ ಹೊಸದನ್ನು ಅವಳೇ ಕೂಡಿಸಿದಳು. ಹಳೆಯದಕ್ಕೆ 24 ಇತ್ತಲ್ಲ, ಹೊಸದಕ್ಕೆ 25 ಕೊಟ್ಟಳು.

ಅಲ್ಲಿ ಒಂದಂಕಿ ಏರಿದರೆ ಓಣಿ ಅರ್ಧವಾಗುತ್ತದೆ. ಅರ್ಧ ಹಾಸಿಗೆಗಳು ಪರದೆಗೆ ಬಂದವು, ಇನ್ನರ್ಧ ಬರಲಿಲ್ಲ. ಆ ಹಾಸಿಗೆಗಳಿಗೆ ಮಾನಿಟರ್ ಹಚ್ಚಿರಲಿಕ್ಕಿಲ್ಲ ಎಂದುಕೊಂಡು ಯಾರೂ ಶಂಕಿಸಲಿಲ್ಲ. ಮಧ್ಯಾಹ್ನ ಒಬ್ಬ ಅಜ್ಜಿಯ ನಾಡಿ ಇಳಿಯಿತು, ಮೇಜಿನ ಮೇಲೆ ಎಚ್ಚರಿಕೆಯ ಸದ್ದೇ ಆಗಲಿಲ್ಲ. ಸೊಸೆ ಓಡಿ ಬಂದು ನರ್ಸನ್ನು ಎಳೆದುಕೊಂಡು ಹೋದದ್ದರಿಂದ ಜೀವ ಉಳಿಯಿತು.

ನಾನು ಹೋದಾಗ ತುಕ್ಕಾನಟ್ಟಿಯವಳು ಗೋಡೆಗೆ ಆತು ನಿಂತಿದ್ದಳು. ಇಪ್ಪತ್ತೈದು ಏಕೆ ಕೊಟ್ಟೆ ಎಂದು ಕೇಳಿದೆ, ತುಸು ಜೋರಾಗಿಯೇ.

“ನಮ್ಮ ಹೊಲದ ಉತಾರದಾಗ ಹಂಗ ಇರತೈತಲ್ರಿ ಸರ್. ಅಣ್ಣತಮ್ಮರು ಬ್ಯಾರೆ ಆದಂಗ ಗೆರಿ ಮುಂದ ಮುಂದಿನ ನಂಬರ್ ಬೀಳತೈತಿ. ಹೊಸಾ ಕಂಪ್ಯೂಟರಿಗೂ ಮುಂದಿನ ಹಿಸ್ಸಾ ನಂಬರಂತ ತಿಳಕೊಂಡ್ನಿ.”

ನನ್ನ ಸಿಟ್ಟು ಜರ್ರನೆ ಇಳಿಯಿತು. ನಮ್ಮ ಹೊಲದ ಕಾಗದವೂ ಹಾಗೆಯೇ. ಸಂಖ್ಯೆಯ ಮುಂದೆ ಗೆರೆ ಕಂಡರೆ ಈ ಸೀಮೆಯಲ್ಲಿ ಯಾರಿಗೂ ಮೊದಲು ನೆನಪಾಗುವುದು ಹೊಲದ ಪಾಲೇ. ತಂತ್ರಾಂಶ ಮಾಡಿದ ಪುಣ್ಯಾತ್ಮರು ಗಿಡ್ಡ ರೂಪದ ಕೆಳಗೆ ಉದ್ದ ರೂಪವನ್ನೂ, ಈ ವಿಳಾಸದಿಂದ ಈ ವಿಳಾಸದ ತನಕ ನಿನ್ನ ಓಣಿ ಎಂಬ ಒಂದು ಸಾಲನ್ನೂ ತೋರಿಸಿದ್ದರೆ, 25 ಒತ್ತಿದ ಕೂಡಲೇ ಅರ್ಧ ಹೋದದ್ದು ಅವಳಿಗೇ ಕಾಣುತ್ತಿತ್ತು. ಅಷ್ಟಗಲ ಪರದೆಯಲ್ಲಿ ಜಾಗಕ್ಕೇನು ಬರವೇ?

ಇದನ್ನೆಲ್ಲ ಆಸ್ಪತ್ರೆಯ ಡಾಕ್ಟರರಿಗೆ ಬಿಡಿಸಿ ಹೇಳಿದೆ. ಕೇಳಿಸಿಕೊಂಡರು, ಚಹಾ ಕುಡಿಸಿದರು, ಅವಳನ್ನು ಕೆಲಸದಿಂದ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಈಚೆಗೆ ಆ ತಂತ್ರಾಂಶ ಮತ್ತೊಮ್ಮೆ ಬದಲಾಯಿತು. ಆಸೆಯಿಂದ ತೆರೆದೆ. ಬಣ್ಣ ಬೇರೆ, ಗೆರೆ ಅದೇ.

ಅದೇ ವಾರ ಗೋಕಾಕದ ಬಸ್ ನಿಲ್ದಾಣದಲ್ಲಿ ಅವಳು ಸಿಕ್ಕಳು. ಸೀರೆ ಅಂಗಡಿಯಲ್ಲಿದ್ದಾಳಂತೆ. ಇನ್ನೊಂದು ಕಡೆ ಕಂಪ್ಯೂಟರ್ ಕೆಲಸವಿದೆ, ಮಾತಾಡಲೇ ಎಂದೆ. ಅಡ್ಡ ತಲೆಯಾಡಿಸಿದಳು.

“ಬ್ಯಾಡ್ರಿ ಸರ್, ಇನ್ನ ಆ ಕೆಲಸ ಮುಟ್ಟಂಗಿಲ್ಲ.” ಬಸ್ಸಿನ ಕಡೆ ಹೆಜ್ಜೆ ಇಟ್ಟವಳು ತಿರುಗಿ ಕೇಳಿದಳು: “ಆ ಆಯಿ ಉಳದಾಳೇನ್ರಿ?”

ಅಜ್ಜಿ ಮರುವಾರವೇ ನಡೆದುಕೊಂಡು ಮನೆಗೆ ಹೋಗಿದ್ದಳು. ಅದನ್ನು ಇವಳಿಗೆ ಈ ತನಕ ಯಾರೂ ಹೇಳಿರಲಿಲ್ಲ.