ಅರ್ಧ ಮನೆ ಕೆಳಗೆ

ಟೇಲರ್ ತೀರಿಹೋಗಿ ಇನ್ನೂ ವರ್ಷ ತುಂಬಿಲ್ಲ. ಅವನ ಅಂಗಡಿಯ ಷಟರ್ ಮೇಲೆ ಯಾರೋ ಆಗಲೇ ಟ್ಯೂಷನ್ ಕ್ಲಾಸಿನ ಚೀಟಿ ಅಂಟಿಸಿದ್ದಾರೆ. ಹೊಲಿಯಲು ಕೊಟ್ಟವರೆಲ್ಲ ಬಂದು ತಮ್ಮ ತಮ್ಮ ಬಟ್ಟೆ ಗುರುತಿಸಿ ತೆಗೆದುಕೊಂಡು ಹೋದದ್ದೂ ಆಯಿತು. ಹಗಲು ಹೊಲಿಗೆ, ಸಂಜೆ ಬ್ಯಾಂಡಿನಲ್ಲಿ ಕೀಬೋರ್ಡ್. ಎರಡರಲ್ಲೂ ಅವನು ಮಾಡುತ್ತಿದ್ದುದು ಒಂದೇ ಕೆಲಸ ಎಂಬುದು ಬ್ಯಾಂಡಿನವರಿಗೆ ಮಾತ್ರ ಗೊತ್ತಿತ್ತು.

ಹೊಟ್ಟೆ ಬಂದ ಗಿರಾಕಿ ಬಿಗಿಯಾದ ಪ್ಯಾಂಟು ಹಿಡಿದು ನಾಚುತ್ತ ನಿಂತರೆ ಟೇಲರ್ ಟೇಪು ಮುಟ್ಟುತ್ತಿರಲಿಲ್ಲ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿ, "ಇದು ನೀರಿಗೆ ಬಿದ್ದು ಕುಗ್ಗಿದೆ, ಸ್ವಲ್ಪ ಬಿಡಿಸಿಕೊಡ್ತೀನಿ" ಎನ್ನುತ್ತಿದ್ದ. ಹೀಗಾಗಿ ಆ ಬೀದಿಯಲ್ಲಿ ವರ್ಷಗಟ್ಟಲೆ ಯಾರ ಹೊಟ್ಟೆಯೂ ಬೆಳೆಯಲಿಲ್ಲ; ಬಟ್ಟೆಗಳೇ ಕುಗ್ಗುತ್ತ ಬಂದವು.

ಬ್ಯಾಂಡಿನಲ್ಲಿ ನಾಲ್ಕು ಜನ. ಹಾಡುತ್ತಿದ್ದವನು ಟೇಲರ್‌ನ ಅಕ್ಕನ ಗಂಡ, ನೀರು ಸರಬರಾಜು ಕಚೇರಿಯ ಗುಮಾಸ್ತ. ಟೇಲರ್ ಕರೆಯುವುದನ್ನು ಕೇಳಿ ಕೇಳಿ ಎಲ್ಲರಿಗೂ ಅವನು ಭಾವನೇ ಆಗಿಬಿಟ್ಟಿದ್ದ. ಗಿಟಾರ್ ಹಿಡಿದವರು ಡ್ರಾಯಿಂಗ್ ಮೇಷ್ಟ್ರು. ಡ್ರಮ್ಸ್ ಬಾರಿಸುವವನು ಬಸ್ ಡಿಪೋದ ಮೆಕ್ಯಾನಿಕ್. ಎಷ್ಟು ತೊಳೆದರೂ ಅವನ ಉಗುರಿನ ಸುತ್ತ ಕಪ್ಪು ಗೆರೆ ಉಳಿದೇ ಇರುತ್ತಿತ್ತು.

ಮದುವೆ ಔತಣ, ಕಂಪನಿಯ ವಾರ್ಷಿಕ ದಿನ, ಸಾಹೇಬರ ನಿವೃತ್ತಿ, ಯಾರು ಕರೆದರೂ ಹೋಗುತ್ತಿದ್ದರು. ವೇದಿಕೆ ಎಂದರೆ ಸಾಮಾನ್ಯವಾಗಿ ಅಡುಗೆಮನೆ ಬಾಗಿಲಿನ ಪಕ್ಕದ ಎರಡು ಮಂಚದಗಲ ಜಾಗ. ಬಡಿಸುವವರು ಟ್ರೇ ಹಿಡಿದು ಡ್ರಮ್ಸಿಗೂ ಗೋಡೆಗೂ ನಡುವೆ ತೂರಿ ಹೋಗುವರು. ಸೌಂಡ್ ಕಡಿಮೆ ಮಾಡಿ ಎಂದು ಹಾಲ್‌ನ ಮ್ಯಾನೇಜರ್ ಒಂದು ಕಡೆಯಿಂದ ಸನ್ನೆ ಮಾಡಿದರೆ, ಕೇಳಿಸುತ್ತಿಲ್ಲ ಎಂದು ಮದುವೆ ಹುಡುಗಿಯ ಸೋದರಮಾವ ಇನ್ನೊಂದು ಕಡೆಯಿಂದ. ಭಾವ ಕಣ್ಣು ಮುಚ್ಚಿ ಹಾಡಿನ ಒಳ್ಳೆಯ ಜಾಗಕ್ಕೆ ಬಂದಾಗಲೇ ಯಾರೋ ಮೈಕಿಗೆ ಕೈಹಾಕಿ, ಬಿಳಿ ಕಾರಿನವರು ದಯವಿಟ್ಟು ಗೇಟಿನಿಂದ ಗಾಡಿ ತೆಗೆಯಬೇಕು ಎಂದು ಹೇಳಿ, ಮೈಕು ಹಿಂದಕ್ಕೆ ಕೊಟ್ಟು, ಹಾಡಿ ಹಾಡಿ ಎಂದು ಬೆನ್ನು ತಟ್ಟಿ ಹೋಗುವರು.

ಆದರೂ ಹೋಗುತ್ತಿದ್ದರು. ಯಾಕೆಂದರೆ ಎಲ್ಲೋ ಒಂದು ಸಂಜೆ, ಒಂದು ಹಾಡಿನಲ್ಲಿ, ನಾಲ್ವರೂ ಒಂದೇ ಏಟಿಗೆ ಬಂದು ಬೀಳುತ್ತಿದ್ದರು. ಆಗ ಗಾಲಿಕುರ್ಚಿಯಲ್ಲಿ ಕುಳಿತ ಯಾವುದೋ ಅಜ್ಜಿ ಚಮಚದಿಂದ ತಟ್ಟೆಯ ಅಂಚಿಗೆ ತಾಳ ಹಾಕುತ್ತಿದ್ದಳು. ಟೇಲರ್ ಕತ್ತೆತ್ತಿ ಮೆಕ್ಯಾನಿಕ್‌ನನ್ನು ನೋಡಿದರೆ ಅವನು ಮೊದಲೇ ಇವನನ್ನು ನೋಡಿ ನಗುತ್ತಿದ್ದ. ಆ ಒಂದು ನಗು ಮುಂದಿನ ಹತ್ತು ಬಿಳಿ ಕಾರುಗಳಿಗೆ ಸಾಕಾಗುತ್ತಿತ್ತು.

ಭಾವನಿಗೆ ಒಂದು ಹೆಮ್ಮೆಯಿತ್ತು. ಹಳೆಯ ಹಾಡುಗಳನ್ನು ಅವನು ಮೂಲ ಹಾಡುಗಾರರ ಶ್ರುತಿಯಲ್ಲೇ ಹಾಡುವವನು. ಬೇರೆ ಬ್ಯಾಂಡಿನವರು ಶ್ರುತಿ ಇಳಿಸಿಕೊಂಡು ಹಾಡಿದರೆ, "ಏಣಿ ಹತ್ತಕ್ಕಾಗದವನು ಮರಾನೇ ಗಿಡ್ಡ ಮಾಡ್ದ" ಎನ್ನುತ್ತಿದ್ದ. ಐವತ್ತು ದಾಟಿದ ಮೇಲೆ ಒಂದು ಸಂಜೆ, ಮೇಲಿನ ಸ್ವರಕ್ಕೆ ಹೋದ ದನಿ ಒಡೆದು ಹೋಯಿತು. ಮುಂದಿನ ಕುರ್ಚಿಗಳಲ್ಲಿದ್ದ ಹುಡುಗರು ನಕ್ಕರು. ಭಾವ ಮನೆಯಲ್ಲಿ ಗುನುಗುವುದನ್ನೂ ನಿಲ್ಲಿಸಿದ. ಅಕ್ಕ ಅಂಗಡಿಗೆ ಬಂದು, ಬಚ್ಚಲಿನಲ್ಲಿ ಬರೀ ನೀರಿನ ಸದ್ದು ಬರುತ್ತದೆ, ಕೇಳಲಾಗುವುದಿಲ್ಲ ಎಂದು ಕಣ್ಣೊರೆಸಿಕೊಂಡಳು.

ಟೇಲರ್‌ನ ಕೀಬೋರ್ಡಿನಲ್ಲಿ ಒಂದು ಗುಂಡಿಯಿತ್ತು. ಅದನ್ನು ಒಮ್ಮೆ ಒತ್ತಿದರೆ ಇಡೀ ವಾದ್ಯದ ಶ್ರುತಿ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಕೆಳಗಿಳಿಯುತ್ತದೆ. ಬೆರಳು ಮಾತ್ರ ಹಳೆಯ ಜಾಗದಲ್ಲೇ ಆಡುತ್ತದೆ. ಪಕ್ಕದಲ್ಲಿ ನಿಂತು ಕೈ ನೋಡಿದರೂ ತಿಳಿಯುವುದಿಲ್ಲ. ಮುಂದಿನ ಕಾರ್ಯಕ್ರಮದಲ್ಲಿ ಟೇಲರ್ ಒಂದು ಸಲ ಒತ್ತಿದ. ಭಾವ ಸಲೀಸಾಗಿ ಹಾಡಿದ. ಆ ವಾರವೆಲ್ಲ ಬಿಸಿನೀರಿಗೆ ಕಾಳುಮೆಣಸಿನ ಪುಡಿ ಹಾಕಿ ಕುಡಿದಿದ್ದೇ ಕಾರಣ ಎಂದು ನಂಬಿದ. ಅಲ್ಲಿಂದ ಮುಂದೆ ಕಚೇರಿಯಲ್ಲಿ ಯಾರು ಕೆಮ್ಮಿದರೂ ಮೆಣಸು. ಸಾಹೇಬರಿಗೂ ಕುಡಿಸಿದ.

ವರ್ಷಗಳು ಕಳೆದಂತೆ ಒಂದು ಒತ್ತು ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಅಂದರೆ ಎರಡು ಮನೆ. ಕಷ್ಟವಾದದ್ದು ಮೇಷ್ಟ್ರಿಗೆ. ಪ್ರತಿ ಸಲವೂ ಗಿಟಾರಿನ ಮೇಲೆ ಕೈ ಇಡುವ ಜಾಗವನ್ನೆಲ್ಲ ಹೊಸದಾಗಿ ಕಲಿಯಬೇಕು. "ನಿನಗೆ ಗುಂಡಿ ಇದೆ ಕಣಯ್ಯ, ನನಗೆ ಇರೋದು ಬೆರಳು" ಎಂದು ಗೊಣಗುವರು, ಕಲಿಯುವರು. ಭಾವನ ಕಿವಿಗೆ ಒಂದು ಮಾತೂ ಬೀಳಲಿಲ್ಲ.

ಆ ಗುಂಡಿಗೆ ಒಂದು ದೋಷವಿತ್ತು. ಕರೆಂಟು ಹೋಗಿ ಬಂದರೆ ಎಲ್ಲವೂ ಮತ್ತೆ ಸೊನ್ನೆಗೆ ಬರುತ್ತಿತ್ತು. ಪ್ರತಿ ಸಲ ನೆನಪಿಟ್ಟು ಒತ್ತಬೇಕು. ಟೇಲರ್ ಮರೆಯುವವನಲ್ಲ. ಮರೆತದ್ದು ಒಂದೇ ಸಲ, ಒಂದು ಮದುವೆ ಔತಣದಲ್ಲಿ. ದೀಪ ಹೋಯಿತು, ಜನರೇಟರ್ ಬಂತು, ಮ್ಯಾನೇಜರ್ ಓಡಿ ಬಂದು, ಹುಡುಗ ಹುಡುಗಿ ಒಳಗೆ ಬರುತ್ತಿದ್ದಾರೆ, ಶುರು ಮಾಡಿ ಎಂದು ಅವಸರ ಮಾಡಿದ. ಆ ಹಾಡು ಕೀಬೋರ್ಡು ಮತ್ತು ದನಿ ಎರಡರಿಂದಲೇ ಶುರುವಾಗುವಂಥದ್ದು. ಭಾವ ಎತ್ತಿಕೊಂಡ. ಮೊದಲ ಸಾಲು ಮೇಲೇರುವಲ್ಲಿ ದನಿ ಹರಿದುಹೋಯಿತು. ಅದೇ ಹೊತ್ತಿಗೆ ಮೇಷ್ಟ್ರು ತಮ್ಮ ಎಂದಿನ, ಇಳಿಸಿದ ಶ್ರುತಿಯಲ್ಲಿ ಗಿಟಾರ್ ಮೀಟಿದರು. ಎರಡು ಗಾಡಿಗಳು ಡಿಕ್ಕಿ ಹೊಡೆದಂಥ ಸದ್ದು.

ಟೇಲರ್ ಎದ್ದು ಮೈಕಿಗೆ ಬಾಗಿ, "ಕೀಬೋರ್ಡ್ ಕೆಟ್ಟಿತ್ತು, ತಪ್ಪು ನಂದು, ಕ್ಷಮಿಸಿ" ಎಂದ. ಆಮೇಲೆ ಗುಂಡಿ ಒತ್ತಿದ. ನಾಲ್ಕು ಸಲ. ಭಾವ ಅವನ ಬೆರಳನ್ನೇ ನೋಡುತ್ತಿದ್ದ.

ಮತ್ತೆ ಶುರುಮಾಡಿದಾಗ ಹಾಡು ನೀರು ಕುಡಿದಷ್ಟು ಸಲೀಸಾಗಿ ಬಂತು. ಅಷ್ಟು ಸಲೀಸಾಗಿ ಬಂದದ್ದೇ ಭಾವನಿಗೆ ಎಲ್ಲವನ್ನೂ ಹೇಳಿಬಿಟ್ಟಿತು. ಕೊನೆಯವರೆಗೂ ಚೆನ್ನಾಗಿಯೇ ಹಾಡಿದ.

ಮರುದಿನ ಭಾವ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ. ಟೇಲರ್ ಮೆಷಿನ್ ನಿಲ್ಲಿಸಿದ.

"ಎಲ್ಲರಿಗೂ ಗೊತ್ತಿತ್ತಾ?"

"ಮೇಷ್ಟ್ರಿಗೆ ಗೊತ್ತಿತ್ತು."

"ಮೆಕ್ಯಾನಿಕ್‌ಗೆ?"

"ಡ್ರಮ್ಸಿಗೆ ಶ್ರುತಿ ಯಾವುದಾದ್ರೇನು ಭಾವ. ಗೊತ್ತಿತ್ತು ಅವನಿಗೂ."

ಭಾವ ಹ್ಯಾಂಗರಿನಲ್ಲಿ ತೂಗುತ್ತಿದ್ದ ಪ್ಯಾಂಟುಗಳನ್ನು ನೋಡುತ್ತ ಕೂತ. "ಊರಿಗೆಲ್ಲ ಮೆಣಸಿನ ನೀರು ಕುಡಿಸಿದೆನಲ್ಲೋ" ಎಂದ. ಆಮೇಲೆ ಇತ್ತ ತಿರುಗಿ, "ನನಗೂ ಬಟ್ಟೆ ಕುಗ್ಗಿದೆ ಅಂದೆ ನೀನು. ನಾನೇನು ನಿನ್ನ ಗಿರಾಕೀನಾ?"

ಟೇಲರ್ ಅಕ್ಕನ ಹೆಸರು ಎತ್ತಬಹುದಿತ್ತು, ಎತ್ತಲಿಲ್ಲ. ಇನ್ನು ಹಾಡುವುದಿಲ್ಲ ಎಂದು ಹೇಳಿ ಭಾವ ಎದ್ದುಹೋದ.

ಮುಂದಿನ ಕಾರ್ಯಕ್ರಮಗಳಿಗೆ ಒಬ್ಬ ಎಳೆಯ ಹಾಡುಗಾರ ಬಂದ. ಮೂಲ ಶ್ರುತಿಯಲ್ಲೇ, ಕತ್ತಿನ ನರ ಕೂಡ ಬಿಗಿಯದೆ ಹಾಡಿದ. ಚಪ್ಪಾಳೆಯೂ ಬಿತ್ತು. ಟೇಲರ್‌ನ ಬೆರಳು ಮಾತ್ರ ಪ್ರತಿ ಹಾಡಿನ ಮೊದಲು ಅಭ್ಯಾಸಬಲದಿಂದ ಆ ಗುಂಡಿಯ ಹತ್ತಿರ ಹೋಗಿ ಹಿಂದಕ್ಕೆ ಬರುತ್ತಿತ್ತು. ಅಂಗಡಿಯಲ್ಲಿ ಒಂದೇ ಕಾಲರನ್ನು ಎರಡು ಸಲ ಬಿಚ್ಚಿ ಹೊಲಿದ. ಇಷ್ಟು ವರ್ಷ ತಾನು ಉಳಿಸಿಕೊಂಡದ್ದು ಭಾವನ ಹಾಡನ್ನೋ, ಭಾವನ ಹಮ್ಮನ್ನೋ ಎಂಬುದು ಅವನಿಗೇ ಬಗೆಹರಿಯಲಿಲ್ಲ. ಈಗ ಎರಡೂ ಹೋಗಿದ್ದವು.

ಒಂದು ಭಾನುವಾರ ಬೆಳಿಗ್ಗೆ ಕೀಬೋರ್ಡನ್ನು ಹೆಗಲಿಗೇರಿಸಿ ಅಕ್ಕನ ಮನೆಗೆ ನಡೆದ. ಭಾವ ಪೇಪರಿನಿಂದ ಮುಖ ತೆಗೆಯಲಿಲ್ಲ. ಟೇಲರ್ ಊಟದ ಮೇಜಿನ ಮೇಲೆ ಕೀಬೋರ್ಡ್ ಇಟ್ಟು, ಫ್ರಿಜ್ಜಿನ ಪ್ಲಗ್ಗು ಕಿತ್ತು ಅಲ್ಲಿಗೆ ಇದನ್ನು ಸಿಕ್ಕಿಸಿದ.

"ಈಗ ಸೊನ್ನೆಯಲ್ಲಿದೆ ಭಾವ. ನಾನು ಮುಟ್ಟಲ್ಲ. ಅಳತೆ ನೀವೇ ಹೇಳಿ."

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಪೇಪರಿನ ಪುಟ ಒಂದೆರಡು ಸಲ ಮಗುಚಿತು. ಕೊನೆಗೆ ಭಾವ ಎದ್ದು ಬಂದ. ಗುಂಡಿ ನಾಲ್ಕು ಸಲ ಒತ್ತಿದ. ಟೇಲರ್ ನುಡಿಸಿದ, ಭಾವ ಹಾಡಿದ. ಮೇಲಿನ ಸ್ವರ ಸಿಕ್ಕಿತು, ಆದರೆ ಏದುಸಿರಿನಲ್ಲಿ. ಭಾವ ನಿಲ್ಲಿಸಿ, ಭಾಮೈದನ ಮುಖ ನೋಡಿ, ಇನ್ನೊಂದು ಸಲ ಒತ್ತಿದ.

"ಇಲ್ಲಿದೀನಿ ಕಣೋ ನಾನು," ಎಂದ. "ಮೇಷ್ಟ್ರಿಗೆ ನೀನೇ ಹೇಳು, ನನ್ನನ್ನ ಬೈತಾರೆ."

ಅಲ್ಲಿಂದ ಮುಂದೆ ಪ್ರತಿ ವೇದಿಕೆಯಲ್ಲೂ ಭಾವನೇ ಕೈ ಚಾಚಿ ಗುಂಡಿ ಒತ್ತುತ್ತಿದ್ದ. ಜನಕ್ಕೆ ಕಾಣದಂತೆ, ಕೆಮ್ಮುವ ನೆಪದಲ್ಲಿ ಬಾಗಿ ಒತ್ತುತ್ತಿದ್ದ ಎಂಬುದು ಬೇರೆ ಮಾತು. ಟೇಲರ್ ಅದನ್ನು ನೋಡಿಯೂ ನೋಡದವನಂತಿದ್ದ. ಬ್ಯಾಂಡಿಗೆ ಅಷ್ಟು ಒಳ್ಳೆಯ ದಿನಗಳು ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ. ಒಂದು ಮಧ್ಯಾಹ್ನ ಟೇಲರ್ ಕೊರಳಲ್ಲಿ ಟೇಪು ಹಾಕಿಕೊಂಡೇ ಮೆಷಿನ್ನಿನ ಮೇಲೆ ತಲೆಯಿಟ್ಟ. ಎದುರಿನ ಔಷಧಿ ಅಂಗಡಿಯವನು ನಿದ್ದೆ ಬಂದಿರಬೇಕು ಎಂದುಕೊಂಡನಂತೆ.

ಬಹಳ ದಿನ ಯಾರೂ ವಾದ್ಯ ಮುಟ್ಟಲಿಲ್ಲ. ಆಮೇಲೆ ಒಬ್ಬರ ನಿವೃತ್ತಿ ಸಮಾರಂಭಕ್ಕೆ ಒಪ್ಪಿಕೊಂಡರು. ಟೇಲರ್‌ನ ಕೀಬೋರ್ಡಿಗೆ ಕೂತವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು, ಚೆನ್ನಾಗಿ ನುಡಿಸುತ್ತಾಳೆ. ಮೊದಲ ಹಾಡಿಗೆ ಮುಂಚೆ, ಮೂಲ ಶ್ರುತಿಯೇ ತಾನೇ ಸರ್ ಎಂದು ಮೆಲ್ಲಗೆ ಕೇಳಿದಳು. ಮೇಷ್ಟ್ರು ತಂತಿ ಸರಿಮಾಡುವಂತೆ ತಲೆ ತಗ್ಗಿಸಿದರು. ಭಾವನ ಕೈ ಗುಂಡಿಯವರೆಗೆ ಹೋಯಿತು, ಕೆಮ್ಮೂ ಗಂಟಲಿಗೆ ಬಂತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

"ಎರಡೂವರೆ ಮನೆ ಕೆಳಗೆ, ತಾಯಿ," ಎಂದ ಮೈಕಿನಲ್ಲೇ. ಹಾಲ್‌ನ ನಾಲ್ಕು ಮೂಲೆಯಲ್ಲಿದ್ದ ಸ್ಪೀಕರುಗಳೂ ಅದನ್ನು ಹೇಳಿದವು.

ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೆಕ್ಯಾನಿಕ್ ಕಡ್ಡಿಗಳನ್ನು ತಟ್ಟಿ ತಾಳದ ಲೆಕ್ಕ ಕೊಟ್ಟ, ಭಾವ ಹಾಡು ಎತ್ತಿಕೊಂಡ.